ಬಾಣಂತಿ ಸನ್ನಿಯ ಚರಿತ್ರೆ

ಕನ್ನಡದಲ್ಲಿ 'ಸನ್ನಿ' ಎಂಬ ಮಾತೊಂದುಂಟು. ಜ್ವರ ನೆತ್ತಿಗೇರಿ ರೋಗಿ ಬಡಬಡಿಸತೊಡಗಿದಾಗ 'ಸನ್ನಿ ಹಿಡಿದಿದೆ' ಎನ್ನುತ್ತೇವೆ. ಇದು ಸಂಸ್ಕೃತದ 'ಸನ್ನಿಪಾತ'ದ ತದ್ಭವ. ವಾತ, ಪಿತ್ತ, ಕಫಗಳೆಂಬ ಮೂರು ದೋಷಗಳೂ ಒಟ್ಟಿಗೆ ಕೆರಳಿ ಒಂದರ ಮೇಲೊಂದು ಬಂದು ಬೀಳುವುದೇ ಸನ್ನಿಪಾತ. ನಮ್ಮ ಜನ ಈ ಮಾತಿನ ಹಿಂದೆ ಇನ್ನೊಂದನ್ನು ಸೇರಿಸಿ 'ಬಾಣಂತಿ ಸನ್ನಿ' ಎಂಬ ಹೆಸರನ್ನು ಮಾಡಿಕೊಂಡರು. ಹೆತ್ತ ಕೆಲವೇ ದಿನಗಳಲ್ಲಿ ತಾಯಿಯ ನಿದ್ದೆ ಹಾರಿಹೋಗುವುದು, ಮಾತು ದಾರಿ ತಪ್ಪುವುದು, ಮಡಿಲಲ್ಲಿರುವ ಕೂಸನ್ನೇ ತನ್ನದಲ್ಲವೆನ್ನುವುದು, ಇವೆಲ್ಲವೂ ಆ ಹೆಸರಿನೊಳಗೆ ಅಡಕವಾಗಿದ್ದುವು. ಆಡುಮಾತಿನಲ್ಲಿ ಒಂದು ಬೇನೆಗೆ ಹೆಸರು ಹುಟ್ಟಬೇಕಾದರೆ ಅದು ಊರೂರಿನಲ್ಲೂ ಕಂಡ ಬೇನೆಯಾಗಿರಬೇಕು. ಹೆಸರೇನೋ ಇತ್ತು, ಅದನ್ನು ಗಟ್ಟಿಯಾಗಿ ಹೇಳುವವರು ಮಾತ್ರ ಇರಲಿಲ್ಲ.

ನಾನು ಆ ಹೆಸರನ್ನು ಮೊದಲು ಕೇಳಿದ್ದು ೧೯೭೯ರ ಬೇಸಿಗೆಯಲ್ಲಿ, ತುಮಕೂರು ಸೀಮೆಯ ಹಳ್ಳಿಯೊಂದರಲ್ಲಿದ್ದ ನಮ್ಮ ಅಜ್ಜಿಯ ಮನೆಯಲ್ಲಿ. ಆಗ ನನಗೆ ಎಂಟು ವರ್ಷ. ನನ್ನ ಚಿಕ್ಕಮ್ಮ ಚೊಚ್ಚಲ ಹೆರಿಗೆಗೆಂದು ತೌರಿಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿತು. ಐದು ದಿನ ಎಲ್ಲವೂ ಸುಸೂತ್ರವಾಗಿಯೇ ಇತ್ತು. ಆರನೆಯ ರಾತ್ರಿಯಿಂದ ಚಿಕ್ಕಮ್ಮ ಕಣ್ಣು ಮುಚ್ಚಲಿಲ್ಲ. ನಡುಮನೆಯಲ್ಲಿ ಬೆಳಗಿನವರೆಗೂ ಅಡ್ಡಾಡಿದಳು, ಹಾಡಿದಳು, ಅತ್ತಳು, ತೊಟ್ಟಿಲಲ್ಲಿರುವುದು ಬೇರೆ ಯಾರದೋ ಮಗು, ತನ್ನದನ್ನು ಬದಲಿಸಿದ್ದಾರೆ ಎಂದಳು. ನಮ್ಮನ್ನು, ಎಂದರೆ ಮನೆಯ ಹುಡುಗರನ್ನು, ಪಕ್ಕದ ಮನೆಗೆ ಕಳುಹಿಸಿದರು. ಹಿರಿಯರ ಪಿಸುಮಾತು ಅಲ್ಲಿಯವರೆಗೂ ಬರುತ್ತಿತ್ತು. ಒಬ್ಬರು ಗಾಳಿ ಸೋಕಿದೆ ಎಂದರು. ಇನ್ನೊಬ್ಬರು ಪಥ್ಯ ಕೆಟ್ಟಿದೆ, ಯಾರೂ ಕಾಣದಂತೆ ತಣ್ಣೀರು ಕುಡಿದಿರಬೇಕು ಎಂದರು. ಸೂಲಗಿತ್ತಿ ಮಾತ್ರ ಅಜ್ಜಿಯ ಮುಖವನ್ನೇ ನೋಡುತ್ತ, 'ನಿಮ್ಮ ಅಕ್ಕನೋರಿಗೂ ಹಿಂಗೇ ಆಗಿತ್ತಲ್ವೇನ್ರವ್ವಾ?' ಎಂದಳಂತೆ. ಅಜ್ಜಿ ಅದಕ್ಕೆ ಉತ್ತರ ಕೊಡಲಿಲ್ಲವಂತೆ.

ಗಾಳಿ, ಅನ್ನ, ರಕ್ತ: ಅಂದು ಆ ಮನೆಯಲ್ಲಿ ಹೇಳಲ್ಪಟ್ಟ ಕಾರಣಗಳು ಈ ಮೂರು. ಮುಂದೆ ನಾನು ಉಪಾಧ್ಯಾಯನಾಗಿ ಹಳೆಯ ಗ್ರಂಥಗಳನ್ನೂ ಹೊಸ ಪುಸ್ತಕಗಳನ್ನೂ ಓದುತ್ತ ಹೋದಂತೆ ಒಂದು ಸಂಗತಿ ನನಗೆ ಬೆರಗನ್ನು ತಂದಿತು. ಎರಡೂವರೆ ಸಾವಿರ ವರ್ಷಗಳಿಂದ ಲೋಕದ ದೊಡ್ಡ ದೊಡ್ಡ ವೈದ್ಯರು ಈ ಬೇನೆಯ ಬಗೆಗೆ ನಡೆಸಿದ ಚರ್ಚೆಯೂ ಈ ಮೂರರ ಸುತ್ತಲೇ ಸುತ್ತಿದೆ. ಆ ಚರ್ಚೆಯ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಗ್ರೀಕರನ್ನು ನೋಡೋಣ. ಕ್ರಿಸ್ತಪೂರ್ವ ಐದನೆಯ ಶತಮಾನದ ವೈದ್ಯ ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿ 'ಸಾಂಕ್ರಾಮಿಕಗಳು' ಎಂಬುದೊಂದು. ಅದರ ಮೂರನೆಯ ಭಾಗದಲ್ಲಿ ಸಿಝಿಕಸ್ ಎಂಬ ಊರಿನ ಒಬ್ಬ ಹೆಂಗಸಿನ ವೃತ್ತಾಂತವಿದೆ. ಆಕೆ ಕಷ್ಟಪಟ್ಟು ಅವಳಿ ಹೆಣ್ಣುಮಕ್ಕಳನ್ನು ಹೆತ್ತಳು, ಜ್ವರ ಬಂದಿತು, ನಿದ್ದೆ ಹೋಯಿತು, ಆರನೆಯ ದಿನ ಭ್ರಮೆ ಹಿಡಿಯಿತು, ಹದಿನೇಳನೆಯ ದಿನ ತೀರಿಕೊಂಡಳು. ವೈದ್ಯನು ದಿನದಿನದ ಸ್ಥಿತಿಯನ್ನು ಬರೆದಿಟ್ಟನು. ಆಕೆಯ ಹೆಸರನ್ನು ಮಾತ್ರ ಬರೆಯಲಿಲ್ಲ. ಅದೇ ಪರಂಪರೆಯ ಸೂತ್ರವೊಂದರಲ್ಲಿ, ಹೆಂಗಸಿನ ಸ್ತನಗಳಲ್ಲಿ ರಕ್ತ ಕೂಡಿಕೊಂಡರೆ ಅದು ಹುಚ್ಚಿನ ಲಕ್ಷಣ ಎಂಬ ಮಾತು ಬರುತ್ತದೆ. ದೇಹದೊಳಗಿನ ರಸಗಳು ತಮ್ಮ ದಾರಿಯನ್ನು ಬಿಟ್ಟು ಬೇರೆ ಕಡೆಗೆ ಹರಿದರೆ ಮನಸ್ಸು ಕೆಡುತ್ತದೆ ಎಂಬುದು ಅವರ ತರ್ಕ. ನಮ್ಮ ಸನ್ನಿಪಾತದ ಕಲ್ಪನೆಗೂ ಇದಕ್ಕೂ ದೂರವೇನಿಲ್ಲ.

ನಮ್ಮ ಆಯುರ್ವೇದದವರು ಈ ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಿ ಯೋಚಿಸಿದಂತೆ ತೋರುತ್ತದೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಸೂತಿಕೆಗೆ, ಎಂದರೆ ಬಾಣಂತಿಗೆ, ಬರುವ ವ್ಯಾಧಿಯನ್ನು ವಾಸಿಮಾಡುವುದು ಕಷ್ಟ, ಕೆಲವೊಮ್ಮೆ ಅಸಾಧ್ಯ ಎಂದು ಹೇಳಿದೆ. ಅದಕ್ಕೆ ಕಾರಣವನ್ನೂ ಕೊಟ್ಟಿದೆ: ಗರ್ಭವನ್ನು ಬೆಳೆಸಿ ಬೆಳೆಸಿ ಅವಳ ಧಾತುಗಳು ಸಡಿಲಗೊಂಡಿರುತ್ತವೆ; ಹೆರಿಗೆಯ ಬೇನೆಯಿಂದಲೂ ರಕ್ತಸ್ರಾವದಿಂದಲೂ ದೇಹ ಬರಿದಾಗಿರುತ್ತದೆ. ನೇಪಾಳದಲ್ಲಿ ದೊರೆತ ಹಸ್ತಪ್ರತಿಯಿಂದ ೧೯೩೮ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯಂತೂ ತಾಯಿ ಮತ್ತು ಮಗುವಿನ ವೈದ್ಯಕ್ಕೇ ಮೀಸಲಾದ ಗ್ರಂಥ. ಅದರ ಖಿಲಸ್ಥಾನದಲ್ಲಿ ಸೂತಿಕೆಯ ಉಪಚಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ದೇಶಕ್ಕೆ ತಕ್ಕಂತೆ ಕುಲಕ್ಕೆ ತಕ್ಕಂತೆ ಆಕೆಯ ಆಹಾರವನ್ನು ಗೊತ್ತುಮಾಡಬೇಕೆಂದು ವಿಧಿಸಿದೆ. ಬಾಣಂತಿಯೆಂದರೆ ಬರಿದಾದ ದೇಹ, ಅದನ್ನು ತುಂಬಿಸಬೇಕು ಎಂಬ ಈ ಒಂದು ತಿಳಿವಳಿಕೆಯಿಂದಲೇ ನಮ್ಮ ಬಾಣಂತನದ ಪದ್ಧತಿ ಬೆಳೆಯಿತು. ಇದು ಸಣ್ಣ ಮಾತಲ್ಲ.

ಯೂರೋಪಿನಲ್ಲಿ ರಸಗಳ ಸಿದ್ಧಾಂತ ಬಹುಕಾಲ ಬಾಳಿತು. ಹದಿನೆಂಟನೆಯ ಶತಮಾನದಲ್ಲಿ ಅದು ಹಾಲಿನ ಸಿದ್ಧಾಂತವಾಯಿತು. ಎದೆಗೆ ಬರಬೇಕಾದ ಹಾಲು ದಾರಿ ತಪ್ಪಿ ಮಿದುಳಿಗೆ ಏರುವುದೇ ಹುಚ್ಚಿಗೆ ಕಾರಣವೆಂದು ಫ್ರಾನ್ಸಿನ ವೈದ್ಯರು ನಂಬಿದ್ದರು. ಆ ನಂಬಿಕೆಯ ನೆರಳು ಎಷ್ಟು ಉದ್ದವಾಗಿತ್ತೆಂದರೆ ಇಂಗ್ಲೆಂಡಿನ ೧೯೩೮ರ ಶಿಶುಹತ್ಯಾ ಕಾನೂನಿನಲ್ಲಿಯೂ ಅದು ಉಳಿದುಕೊಂಡಿದೆ. ಹೆರಿಗೆಯ ಪರಿಣಾಮದಿಂದಾಗಲಿ ಹಾಲೂಡಿಸುವಿಕೆಯ ಪರಿಣಾಮದಿಂದಾಗಲಿ ಬುದ್ಧಿಯ ಸಮತೋಲ ತಪ್ಪಿದ ತಾಯಿ ಒಂದು ವರ್ಷದೊಳಗಿನ ತನ್ನ ಕೂಸಿನ ಪ್ರಾಣ ತೆಗೆದರೆ ಅದನ್ನು ಕೊಲೆಯೆಂದು ಎಣಿಸಬಾರದೆಂಬುದು ಆ ಕಾನೂನಿನ ತಾತ್ಪರ್ಯ. ವಿಜ್ಞಾನ ತಪ್ಪಾಗಿತ್ತು, ಕರುಣೆ ತಪ್ಪಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಊಹೆಯ ಜಾಗಕ್ಕೆ ಎಣಿಕೆ ಬಂದಿತು. ಪ್ಯಾರಿಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ ಎಸ್ಕಿರೋಲ್ ಎಂಬ ವೈದ್ಯನು ಹೆರಿಗೆಯ ತರುವಾಯ ಅಥವಾ ಹಾಲೂಡಿಸುವ ಕಾಲದಲ್ಲಿ ಮನಸ್ಸು ಕೆಟ್ಟು ಬಂದ ೯೨ ಹೆಂಗಸರ ವಿವರವನ್ನು ಕಲೆಹಾಕಿದನು. ೧೮೩೮ರಲ್ಲಿ ಹೊರಬಂದ ತನ್ನ ದೊಡ್ಡ ಗ್ರಂಥದಲ್ಲಿ ಅವನು ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಿದನು: ಆಸ್ಪತ್ರೆಗೆ ಬಂದವರಿಗಿಂತ ಮನೆಯಲ್ಲೇ ಉಳಿದು ಲೆಕ್ಕಕ್ಕೆ ಸಿಗದೆ ಹೋದವರು ಬಹಳ ಮಂದಿ. ಈ ಮಾತನ್ನು ಓದಿದಾಗ ನನಗೆ ನಮ್ಮ ಅಜ್ಜಿಯ ಮನೆಯ ಮುಚ್ಚಿದ ಬಾಗಿಲು ನೆನಪಾಯಿತು.

ಇಪ್ಪತ್ತು ವರ್ಷದ ಮೇಲೆ, ೧೮೫೮ರಲ್ಲಿ, ಲೂಯಿ ವಿಕ್ಟರ್ ಮಾರ್ಸೆ ಎಂಬ ಮೂವತ್ತು ವರ್ಷದ ತರುಣ ವೈದ್ಯನು ೩೧೦ ಮಂದಿಯ ವೃತ್ತಾಂತಗಳನ್ನು ಆಧರಿಸಿ ಗರ್ಭಿಣಿಯರ, ಬಾಣಂತಿಯರ ಮತ್ತು ಹಾಲೂಡಿಸುವ ತಾಯಂದಿರ ಮನೋರೋಗವನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಈ ವಿಷಯಕ್ಕೇ ಮೀಸಲಾದ ಮೊದಲ ದೊಡ್ಡ ಗ್ರಂಥ ಅದು. ಕಾರಣಗಳನ್ನು ಹುಡುಕುತ್ತ ಮಾರ್ಸೆ ಎರಡು ಕಡೆಗೆ ಬೆರಳು ತೋರಿಸಿದನು. ಒಂದು, ವಂಶ: ರೋಗಿಗಳಲ್ಲಿ ಅನೇಕರ ತೌರಿನಲ್ಲಿ ಮನೋರೋಗವಿತ್ತು. ಇನ್ನೊಂದು, ರಕ್ತಹೀನತೆ ಮತ್ತು ದೇಹದ ಸೊರಗುವಿಕೆ. ಇಂದು ನಾವು 'ವಂಶವಾಹಿ' ಮತ್ತು 'ಪೋಷಣೆ' ಎಂದು ಕರೆಯುವ ಎರಡು ವಿಷಯಗಳೂ ಅಲ್ಲಿ ಪಕ್ಕಪಕ್ಕದಲ್ಲೇ ನಿಂತಿವೆ. ಮಾರ್ಸೆ ೧೮೬೪ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ತೀರಿಕೊಂಡನು. ಅವನ ಪುಸ್ತಕವೂ ಮರೆತುಹೋಯಿತು. ೧೯೮೦ರಲ್ಲಿ ಈ ಬೇನೆಯನ್ನು ಅಭ್ಯಾಸ ಮಾಡುವ ವೈದ್ಯರು ಒಂದು ಅಂತರರಾಷ್ಟ್ರೀಯ ಸಂಘವನ್ನು ಕಟ್ಟಿದಾಗ ಅದಕ್ಕೆ ಅವನ ಹೆಸರನ್ನೇ ಇಟ್ಟರು.

ಅನ್ನದ ಪ್ರಶ್ನೆ ಎದ್ದು ಕಂಡದ್ದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಅಲ್ಲಿಯ ಮಾನಸಿಕ ಆಸ್ಪತ್ರೆಗೆ ಬಂದ ೧೫೫ ಮಂದಿ ಇಂತಹ ರೋಗಿಗಳ ಲೆಕ್ಕವನ್ನು ಬ್ಯಾಟಿ ಟ್ಯೂಕ್ ಎಂಬ ವೈದ್ಯನು ೧೮೬೫ರಲ್ಲಿ ಪ್ರಕಟಿಸಿದನು. ಅವರಲ್ಲಿ ೫೪ ಮಂದಿಯ ಬೇನೆಯನ್ನು 'ಹಾಲೂಡಿಸುವ ಕಾಲದ ಹುಚ್ಚು' ಎಂದು ಬೇರೆಯಾಗಿ ಗುರುತಿಸಲಾಗಿತ್ತು. ಆ ಕಾಲದ ವೈದ್ಯರ ಬರಹಗಳಲ್ಲಿ ಈ ಗುಂಪಿನ ಚಿತ್ರ ಮತ್ತೆ ಮತ್ತೆ ಬರುತ್ತದೆ: ಬಡವರ ಮನೆಯ ಹೆಂಗಸು, ಮೇಲಿಂದ ಮೇಲೆ ಹೆರಿಗೆ, ತಿಂಗಳುಗಟ್ಟಲೆ ಹಾಲೂಡಿಸಿ ತಾನು ಒಣಗಿಹೋದವಳು. ಚಿಕಿತ್ಸೆಯೆಂದರೆ ಮಾಂಸ, ಹಾಲು, ಕಬ್ಬಿಣದ ಔಷಧಿ, ಮತ್ತು ಹಾಸಿಗೆ. ಎಷ್ಟೋ ಜನ ಕೆಲವು ತಿಂಗಳಲ್ಲಿ ಗುಣವಾಗಿ ಮನೆಗೆ ಹೋದರು. ಹುಚ್ಚಾಸ್ಪತ್ರೆಗೆ ಸೇರಿದ ಮೇಲೆ ಹೊಟ್ಟೆತುಂಬ ಊಟ ಸಿಕ್ಕಿತೆಂದರೆ, ಆ ಮನೆಗಳ ಸ್ಥಿತಿಯನ್ನು ನಾವೇ ಊಹಿಸಿಕೊಳ್ಳಬಹುದು.

ಇಲ್ಲಿ ಒಂದು ತೊಡಕನ್ನು ಬಿಡಿಸಿಕೊಂಡು ಮುಂದೆ ಹೋಗಬೇಕು. ಹಿಂದಿನ ಕಾಲದ ಬಾಣಂತಿ ಸನ್ನಿಯಲ್ಲಿ ನಂಜಿನ ಪಾಲೂ ದೊಡ್ಡದಾಗಿತ್ತು. ಸಿಝಿಕಸ್ಸಿನ ಆ ತಾಯಿಗೆ ಜ್ವರವಿತ್ತೆಂಬುದನ್ನು ಮರೆಯಬಾರದು. ೧೮೪೭ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸನು ವೈದ್ಯರು ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುಮಾಡಿದ ಮೇಲೆ ಬಾಣಂತಿ ಜ್ವರದ ಸಾವು ಥಟ್ಟನೆ ಇಳಿಯಿತು. ಮುಂದೆ ನಂಜುನಿವಾರಕಗಳೂ ಜೀವಿರೋಧಕ ಔಷಧಿಗಳೂ ಬಂದುವು. ಜ್ವರದ ಸನ್ನಿ ಹೋಯಿತು. ಆದರೆ ಜ್ವರವಿಲ್ಲದ ಸನ್ನಿ ಹೋಗಲಿಲ್ಲ. ಸಾವಿರ ಹೆರಿಗೆಗೆ ಒಂದೋ ಎರಡೋ ಎಂಬಂತೆ ಅದು ಇಂದಿಗೂ ಉಳಿದಿದೆ. ಹಾಗಾದರೆ ಅದರ ಬೇರು ಎಲ್ಲಿ?

ವಂಶದಲ್ಲಿ ಎಂದು ಹೇಳಿದವರು ಇದ್ದರು. ಆದರೆ ಅವರ ಮಾತು ಒಂದು ಕತ್ತಲೆಯ ಹಾದಿಯನ್ನು ಹಿಡಿಯಿತು. ೧೮೫೭ರಲ್ಲಿ ಫ್ರಾನ್ಸಿನ ಮೊರೆಲ್ ಎಂಬುವನು, ಮನೋರೋಗವು ತಲೆಯಿಂದ ತಲೆಗೆ ಹೆಚ್ಚುತ್ತ ಹೋಗಿ ಕೊನೆಗೆ ಮನೆತನವನ್ನೇ ಅಳಿಸುತ್ತದೆಂಬ 'ಅವನತಿ'ಯ ವಾದವನ್ನು ಹೂಡಿದನು. ರೋಗವಿದ್ದ ಮನೆ ಕಳಂಕದ ಮನೆಯಾಯಿತು. ೧೯೦೭ರಲ್ಲಿ ಅಮೆರಿಕೆಯ ಇಂಡಿಯಾನಾ ಸಂಸ್ಥಾನವು ಬುದ್ಧಿಮಾಂದ್ಯರಿಗೂ ಅಪರಾಧಿಗಳಿಗೂ ಮಕ್ಕಳಾಗದಂತೆ ಬಲವಂತದ ಶಸ್ತ್ರಚಿಕಿತ್ಸೆಯನ್ನು ಮಾಡಲು ಕಾನೂನು ಮಾಡಿತು. ೧೯೩೩ರಲ್ಲಿ ಹಿಟ್ಲರನ ಜರ್ಮನಿ ಮಾಡಿದ ಕಾನೂನಿನ ಪಟ್ಟಿಯಲ್ಲಿ, ಉನ್ಮಾದವೂ ವಿಷಾದವೂ ಸರದಿಯಂತೆ ಬರುವ ಬೇನೆಯ ಹೆಸರೂ ಇತ್ತು. ಬಾಣಂತಿ ಸನ್ನಿಗೆ ಅತಿ ಹತ್ತಿರದ ನಂಟಿರುವುದು ಅದೇ ಬೇನೆಗೆ. ನಮ್ಮಲ್ಲಿ ಅಂತಹ ಕಾನೂನು ಬರಲಿಲ್ಲ. ಆದರೆ ಮದುವೆಯ ಮಾತುಕತೆಯ ಜಗಲಿಯ ಮೇಲೆ, 'ಆ ಮನೆಯಲ್ಲಿ ಅದಿದೆಯಂತೆ' ಎಂಬ ಒಂದು ಪಿಸುಮಾತು ಕಾನೂನಿನಷ್ಟೇ ಕೆಲಸ ಮಾಡುತ್ತಿತ್ತು. ಅಜ್ಜಿ ಸೂಲಗಿತ್ತಿಗೆ ಏಕೆ ಉತ್ತರ ಕೊಡಲಿಲ್ಲವೆಂಬುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ಮನೆಯಲ್ಲಿ ಮದುವೆಯಾಗದ ಇನ್ನೊಬ್ಬ ಮಗಳಿದ್ದಳು.

ಇತ್ತ ಅನ್ನದ ವಿಚಾರ ಬೇರೊಂದು ದಾರಿಯಲ್ಲಿ ಬೆಳೆಯುತ್ತಿತ್ತು. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ನೆರೆಯ ಮುಂಬಯಿಯಲ್ಲೇ. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದಳು. ಬಟ್ಟೆಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರಲ್ಲಿ ಗರ್ಭಿಣಿಯಾದಾಗ ಬರುತ್ತಿದ್ದ ಒಂದು ಭಾರಿ ರಕ್ತಹೀನತೆಯ ಮೂಲವನ್ನು ಕಂಡುಹಿಡಿಯುವುದು ಆಕೆಯ ಕೆಲಸವಾಗಿತ್ತು. ರೋಗಾಣುವನ್ನು ಹುಡುಕಿದಳು, ಸಿಗಲಿಲ್ಲ. ಆ ಹೆಂಗಸರು ಏನು ಉಣ್ಣುತ್ತಾರೆಂಬುದನ್ನು ವಿಚಾರಿಸಿದಳು. ಅದೇ ಊಟವನ್ನು ಇಲಿಗಳಿಗೆ ಹಾಕಿದಳು; ಮುಂದೆ ಕೋತಿಗಳಿಗೂ ಹಾಕಿದಳು. ಸೊರಗಿದ ಕೋತಿಯೊಂದು ಮಾರ್ಮೈಟ್ ಎಂಬ ಅಗ್ಗದ ಹುದುಗಿನ ಸಾರದಿಂದ ಚೇತರಿಸಿಕೊಂಡಿತು. ಅದನ್ನೇ ಗರ್ಭಿಣಿಯರಿಗೆ ಕೊಟ್ಟಾಗ ಅವರೂ ಚೇತರಿಸಿಕೊಂಡರು. ೧೯೩೧ರಲ್ಲಿ ಈ ವೃತ್ತಾಂತ ಪ್ರಕಟವಾಯಿತು. ಆ ಸಾರದಲ್ಲಿದ್ದ ಅಜ್ಞಾತ ವಸ್ತುವನ್ನು ೧೯೪೧ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಲ್ಯಾಟಿನ್ನಿನಲ್ಲಿ ಎಲೆಗೆ ಇರುವ ಹೆಸರಿನಿಂದ 'ಫೋಲಿಕ್ ಆಮ್ಲ'ವೆಂದು ಕರೆದರು. ಇಂದು ಗರ್ಭಿಣಿಯರಿಗೆ ಆರೋಗ್ಯ ಕೇಂದ್ರಗಳಲ್ಲಿ ಕಬ್ಬಿಣದೊಡನೆ ಕೊಡುವ ಮಾತ್ರೆಯಲ್ಲಿ ಇರುವುದು ಅದೇ.

ಅನ್ನದ ಕೊರತೆ ರಕ್ತವನ್ನಷ್ಟೇ ಅಲ್ಲ, ಮನಸ್ಸನ್ನೂ ಕೆಡಿಸಬಲ್ಲುದೆಂಬುದಕ್ಕೆ ಪೆಲಾಗ್ರ ಎಂಬ ರೋಗ ಸಾಕ್ಷಿಯಾಯಿತು. ಮುಸುಕಿನ ಜೋಳವನ್ನೇ ನಂಬಿದ ಯೂರೋಪ್ ಅಮೆರಿಕೆಗಳ ಬಡವರಲ್ಲಿ ಅದು ಚರ್ಮವನ್ನು ಸುಟ್ಟು, ಹೊಟ್ಟೆಯನ್ನು ಕೆಡಿಸಿ, ಕೊನೆಗೆ ಬುದ್ಧಿಯನ್ನೂ ಕದಡುತ್ತಿತ್ತು. ಹುಚ್ಚಾಸ್ಪತ್ರೆಗಳಿಗೆ ಸೇರಿದ ಎಷ್ಟೋ ಮಂದಿಗೆ ನಿಜವಾಗಿ ಬೇಕಾಗಿದ್ದುದು ಒಂದು ಜೀವಸತ್ತ್ವ. ಅದು ನಯಾಸಿನ್ ಎಂದು ೧೯೩೭ರಲ್ಲಿ ಗೊತ್ತಾಯಿತು. ದಖ್ಖನಿನ ಬಿಳಿಜೋಳದ ಸೀಮೆಯಲ್ಲಿಯೂ ಈ ರೋಗವುಂಟೆಂದು ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಗೋಪಾಲನ್ ಮತ್ತು ಅವರ ಸಂಗಡಿಗರು ೧೯೬೦ರಲ್ಲಿ ತೋರಿಸಿಕೊಟ್ಟರು. ಜೋಳವೊಂದನ್ನೇ ಉಂಡು, ಬೇಳೆ ಹಾಲುಗಳನ್ನು ಕಾಣದವರಿಗೆ ಬರುತ್ತಿದ್ದ ರೋಗವದು. ಇದು ಬಾಣಂತಿಯರಿಗೇ ಬರುವ ಬೇನೆಯಲ್ಲ, ನಿಜ. ಆದರೆ ತನ್ನ ದೇಹದಿಂದ ಇನ್ನೊಂದು ದೇಹವನ್ನು ಕಟ್ಟಿ, ಅದಕ್ಕೆ ಹಾಲನ್ನೂ ಊಡಿಸುವವಳಿಗೆ ಇಂತಹ ಕೊರತೆ ಇಮ್ಮಡಿಯಾಗಿ ತಟ್ಟುವುದರಲ್ಲಿ ಆಶ್ಚರ್ಯವೇನು?

ಈಗ ನಮ್ಮ ಕಾಲಕ್ಕೆ ಬರೋಣ. ವೈದ್ಯರು ಇಂದು ಹೆರಿಗೆಯ ನಂತರದ ಮನಸ್ಸಿನ ಏರುಪೇರನ್ನು ಮೂರಾಗಿ ವಿಂಗಡಿಸುತ್ತಾರೆ. ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಮೂರನೆಯ ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುತ್ತದೆ. ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಎರಡನೆಯದು ವಿಷಾದರೋಗ, ಎಂದರೆ ಖಿನ್ನತೆ. ಲಂಡನ್ನಿನ ಬ್ರೈಸ್ ಪಿಟ್ ಎಂಬ ವೈದ್ಯನು ೧೯೬೮ರಲ್ಲಿ ಸುಮಾರು ೧೦ರಲ್ಲಿ ಒಬ್ಬ ತಾಯಿಗೆ ಇದು ಬರುತ್ತದೆಂದು ತೋರಿಸಿದನು. ಮೂರನೆಯದು ನಮ್ಮ ಬಾಣಂತಿ ಸನ್ನಿ. ಅಪರೂಪ, ಆದರೆ ತುಂಬ ತೀವ್ರ. ಎಡಿನ್‌ಬರೋ ನಗರದ ಹನ್ನೆರಡು ವರ್ಷಗಳ ಹೆರಿಗೆಯ ದಾಖಲೆಗಳನ್ನು ಮಾನಸಿಕ ಆಸ್ಪತ್ರೆಯ ದಾಖಲೆಗಳೊಡನೆ ತಾಳೆ ನೋಡಿದ ಕೆಂಡೆಲ್ ಮತ್ತು ಸಂಗಡಿಗರು, ಹೆರಿಗೆಯಾದ ಮೊದಲ ತಿಂಗಳಲ್ಲಿ ಇಂತಹ ತೀವ್ರ ಮನೋರೋಗಕ್ಕೆ ಸಿಕ್ಕುವ ಸಂಭವ ಇತರ ಕಾಲಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಎಂದು ೧೯೮೭ರಲ್ಲಿ ತೋರಿಸಿದರು. ಒಬ್ಬ ಹೆಂಗಸಿನ ಬಾಳಿನಲ್ಲಿ ಮನಸ್ಸಿಗೆ ಅಷ್ಟು ಅಪಾಯದ ಇನ್ನೊಂದು ತಿಂಗಳಿಲ್ಲ.

ವಂಶದ ಪ್ರಶ್ನೆಯನ್ನು ಹೊಸ ವಿಜ್ಞಾನ ಮತ್ತೆ ಎತ್ತಿಕೊಂಡಿತು. ಈ ಸಲ ಕಳಂಕದ ಭಾಷೆಯಲ್ಲಿ ಅಲ್ಲ. ಬ್ರಿಟನ್ನಿನ ಜೋನ್ಸ್ ಮತ್ತು ಕ್ರ್ಯಾಡಕ್ ಎಂಬ ವೈದ್ಯರು ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನ ಬೈಪೋಲಾರ್ ರೋಗವಿದ್ದ, ಎಂದರೆ ಉನ್ಮಾದ ವಿಷಾದಗಳು ಸರದಿಯಲ್ಲಿ ಬರುವ, ತಾಯಂದಿರದು. ಅವರಲ್ಲಿ ಹತ್ತಿರದ ಬಂಧುವಿಗೆ ಬಾಣಂತಿ ಸನ್ನಿ ಬಂದಿದ್ದವರ ಪೈಕಿ ನೂರಕ್ಕೆ ೭೪ರಷ್ಟು ಮಂದಿಗೆ ಹೆರಿಗೆಯ ನಂತರ ಸನ್ನಿ ಬಂದಿತ್ತು. ಬಂಧುಗಳಲ್ಲಿ ಇಲ್ಲದವರ ಪೈಕಿ ೩೦ರಷ್ಟು. ಎಂದರೆ ಬರಿಯ ಮನೋರೋಗವಲ್ಲ, ಹೆರಿಗೆಗೆ ಕೆರಳುವ ಆ ಗುಣವೂ ಮನೆತನದಲ್ಲಿ ಹರಿದುಬರುತ್ತದೆ. ಖಿನ್ನತೆಯ ವಿಷಯದಲ್ಲಿ ಸ್ವೀಡನ್ನಿನ ಅವಳಿ ಸೋದರಿಯರನ್ನೂ ಲಕ್ಷಾಂತರ ಅಕ್ಕತಂಗಿಯರನ್ನೂ ಹೋಲಿಸಿ ನೋಡಿದ ೨೦೧೬ರ ಒಂದು ಅಧ್ಯಯನವಿದೆ. ಹೆರಿಗೆಯ ಆಸುಪಾಸಿನ ಖಿನ್ನತೆಯಲ್ಲಿ ಅನುವಂಶದ ಪಾಲು ಅವಳಿಗಳ ಲೆಕ್ಕದಲ್ಲಿ ನೂರಕ್ಕೆ ೫೪, ಅಕ್ಕತಂಗಿಯರ ಲೆಕ್ಕದಲ್ಲಿ ೪೪. ಬೇರೆ ಕಾಲದ ಖಿನ್ನತೆಯಲ್ಲಿ ೩೨. ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ನೂರು ತಾಯಂದಿರಲ್ಲಿ ೫೪ ಮಂದಿಗೆ ರೋಗ ಬರುತ್ತದೆಂದು ಇದರ ಅರ್ಥವಲ್ಲ. ಒಬ್ಬಳಿಗೆ ಬಂದು ಇನ್ನೊಬ್ಬಳಿಗೆ ಬಾರದಿರುವ ವ್ಯತ್ಯಾಸದಲ್ಲಿ ಅಷ್ಟು ಪಾಲು ವಂಶವಾಹಿಗಳ ವ್ಯತ್ಯಾಸಕ್ಕೆ ಸೇರಿದ್ದು ಎಂದಷ್ಟೇ ಅರ್ಥ.

ಹಾಗಾದರೆ 'ಸನ್ನಿಯ ವಂಶವಾಹಿ' ಎಂಬುದೊಂದಿದೆಯೆ? ಇಲ್ಲ. ೨೦೨೩ರಲ್ಲಿ ಹೆರಿಗೆಯ ನಂತರದ ಖಿನ್ನತೆಗೆ ಒಳಗಾದ ಸುಮಾರು ಹತ್ತೊಂಬತ್ತು ಸಾವಿರ ತಾಯಂದಿರ ವಂಶವಾಹಿಗಳನ್ನು ಜಾಲಾಡಿದರೂ, ಇದೇ ಕಾರಣವೆಂದು ಬೆರಳಿಟ್ಟು ತೋರಿಸಬಹುದಾದ ಒಂದು ತಾಣವೂ ಸಿಗಲಿಲ್ಲ. ಸಣ್ಣ ಸಣ್ಣ ಪ್ರಭಾವದ ಎಷ್ಟೋ ವಂಶವಾಹಿಗಳು ಸೇರಿ ಮಾಡುವ ಕೆಲಸವದು. ಅಂತಹ ಕೆಲವನ್ನು ನಾವೆಲ್ಲರೂ, ನಮ್ಮನ್ನು ಹಳಿಯುವವರೂ, ಹೊತ್ತುಕೊಂಡೇ ಹುಟ್ಟಿದ್ದೇವೆ. ಹೆರಿಗೆಯಾದೊಡನೆ ದೇಹದೊಳಗಿನ ಹಾರ್ಮೋನುಗಳು ಕೆಲವೇ ದಿನಗಳಲ್ಲಿ ಪಾತಾಳಕ್ಕಿಳಿಯುತ್ತವೆ. ಅದರ ಮೇಲೆ ನಿದ್ದೆಗೇಡು. ಈ ಅಲುಗಾಟವನ್ನು ಕೆಲವರ ಮಿದುಳು ತಾಳಿಕೊಳ್ಳುತ್ತದೆ, ಕೆಲವರದು ತಾಳಲಾರದು. ಕಳಂಕಿತ ಮನೆತನವೆಂಬ ಮಾತಿಗೆ ಇಲ್ಲಿ ಯಾವ ಆಧಾರವೂ ಇಲ್ಲ.

ಅನ್ನದ ವಾದಕ್ಕೂ ಹೊಸ ಪರೀಕ್ಷೆಗಳು ನಡೆದಿವೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ಬಳಿಯ ಬಡ ತಾಯಂದಿರಲ್ಲಿ ರಕ್ತಹೀನತೆಯಿದ್ದವರಿಗೆ ಕಬ್ಬಿಣವನ್ನು ಕೊಟ್ಟು ನೋಡಿದಾಗ, ಅವರ ಖಿನ್ನತೆಯೂ ಒತ್ತಡವೂ ಸುಮಾರು ಕಾಲುಭಾಗದಷ್ಟು ಇಳಿದುವೆಂದು ೨೦೦೫ರಲ್ಲಿ ವರದಿಯಾಯಿತು. ಇನ್ನೊಂದು ಕಡೆ, ಮೀನನ್ನು ಹೆಚ್ಚು ತಿನ್ನುವ ದೇಶಗಳಲ್ಲಿ ಬಾಣಂತಿಯರ ಖಿನ್ನತೆ ಕಡಿಮೆಯೆಂದು ೨೦೦೨ರ ಒಂದು ಹೋಲಿಕೆಯಿಂದ ತೋರಿತ್ತು. ಅದನ್ನು ನಂಬಿ ಆಸ್ಟ್ರೇಲಿಯದಲ್ಲಿ ೨,೩೯೯ ಗರ್ಭಿಣಿಯರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಮೀನೆಣ್ಣೆಯನ್ನು ಕೊಟ್ಟರು. ೨೦೧೦ರಲ್ಲಿ ಫಲಿತಾಂಶ ಬಂದಾಗ ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. ಇದರ ಪಾಠ ಸರಳವಾದುದು. ಇಲ್ಲದುದನ್ನು ತುಂಬಿಸಿದರೆ ಫಲವುಂಟು; ಇದ್ದುದರ ಮೇಲೆ ಸುರಿದರೆ ಫಲವಿಲ್ಲ. ನಮ್ಮ ದೇಶದಲ್ಲಂತೂ ಇಲ್ಲದವರೇ ಹೆಚ್ಚು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿದೆ.

ಈ ಬೆಳಕಿನಲ್ಲಿ ನಮ್ಮ ಬಾಣಂತನವನ್ನು ಮತ್ತೊಮ್ಮೆ ನೋಡಬೇಕು. ತೌರುಮನೆ, ಎಣ್ಣೆನೀರು, ತುಪ್ಪ ಹಾಕಿದ ಬಿಸಿ ಅನ್ನ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಕೊಬ್ಬರಿ ಬೆಲ್ಲದ ಅಂಟಿನುಂಡೆ, ಕೂಸನ್ನು ನೋಡಿಕೊಳ್ಳಲು ಇನ್ನೊಂದು ಕೈ: ಇವುಗಳಲ್ಲಿ ಹಿರಿಯರ ವಿವೇಕವಿದೆ. ಬಾಣಂತಿಗೆ ನೀರು ಕೊಡಬಾರದು, ಹಣ್ಣು ತರಕಾರಿ ಕೂಡದು, ಒಂದೇ ಹೊತ್ತು ಊಟ ಸಾಕು ಎಂಬ ಕಟ್ಟುಗಳಲ್ಲಿ ಆ ವಿವೇಕವಿಲ್ಲ. ಚರಕನು ಬರಿದಾದ ದೇಹವೆಂದು ಕರೆದುದನ್ನು ಇನ್ನಷ್ಟು ಬರಿದು ಮಾಡುವ ಪಥ್ಯ ಪಥ್ಯವಲ್ಲ.

ರಕ್ತ, ಅನ್ನಗಳ ಮಾತಾಯಿತು. ಗಾಳಿಯ ಮಾತೊಂದು ಉಳಿಯಿತು. ದೆವ್ವದ ಗಾಳಿಯಿಲ್ಲವೆಂದು ನಾನು ಮಕ್ಕಳಿಗೆ ಪಾಠ ಹೇಳುತ್ತೇನೆ. ಆದರೆ ಮನೆಯ ಗಾಳಿಯೆಂಬುದೊಂದುಂಟಲ್ಲವೆ? ೨೦೦೨ರಲ್ಲಿ ಪ್ರಕಟವಾದ ಗೋವೆಯ ಅಧ್ಯಯನದಲ್ಲಿ ತಾಯಂದಿರಲ್ಲಿ ನೂರಕ್ಕೆ ೨೩ ಮಂದಿಗೆ ಹೆರಿಗೆಯಾದ ಆರೆಂಟು ವಾರಕ್ಕೆ ಖಿನ್ನತೆ ಕಂಡುಬಂದಿತು. ಬಡತನ, ಗಂಡನೊಡನೆ ಹೊಂದಾಣಿಕೆಯಿಲ್ಲದಿರುವುದು, ಗಂಡನ ಹೊಡೆತ, ಹುಟ್ಟಿದ ಕೂಸು ಹೆಣ್ಣಾಗಿರುವುದು, ಇವು ಆ ಖಿನ್ನತೆಯೊಡನೆ ಹೆಣೆದುಕೊಂಡಿದ್ದುವು. ವಂಶವಾಹಿಯನ್ನು ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಹೆಣ್ಣು ಹೆತ್ತವಳ ಮುಂದೆ ನಿಟ್ಟುಸಿರು ಬಿಡದಿರುವುದು ನಮ್ಮ ಕೈಯಲ್ಲಿದೆ.

ಚಿಕಿತ್ಸೆಯ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ಹಿಡಿಸಿದ ಒಂದು ಸಂಗತಿಯುಂಟು. ಹಿಂದೆ ಸನ್ನಿ ಹಿಡಿದ ತಾಯಿಯಿಂದ ಮಗುವನ್ನು ಬೇರೆ ಮಾಡುತ್ತಿದ್ದರು. ೧೯೪೮ರಲ್ಲಿ ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ಥಾಮಸ್ ಮೇನ್ ಎಂಬ ವೈದ್ಯನು ರೋಗಿಯಾದ ತಾಯಿ ತನ್ನ ಮಗುವನ್ನೂ ಕರೆತರಲು ಮೊದಲ ಬಾರಿಗೆ ಒಪ್ಪಿದನು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೨೦೦೯ರಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇರಿಸಿಕೊಳ್ಳುವ ವಿಭಾಗ ಆರಂಭವಾಯಿತು. ನಮ್ಮ ದೇಶದಲ್ಲಿ ಅಂತಹುದು ಅದೇ ಮೊದಲು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯೂ, ಚಿಕಿತ್ಸೆಗೆ ಬಂದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದು ಹೇಳುತ್ತದೆ.

ಇನ್ನು ನನ್ನ ಚಿಕ್ಕಮ್ಮನ ಮಾತು. ಆಕೆ ಮೂರು ತಿಂಗಳಿಗೆ ಗುಣವಾದಳು. ಆ ಮೂರು ತಿಂಗಳ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ೨೦೦೬ರಲ್ಲಿ, ಅಂದು ತೊಟ್ಟಿಲಲ್ಲಿದ್ದ ಮಗಳು ತಾನೇ ಗರ್ಭಿಣಿಯಾಗಿ ತೌರಿಗೆ ಬಂದಳು. ಆಸ್ಪತ್ರೆಯಲ್ಲಿ ವೈದ್ಯೆ ಎಂದಿನಂತೆ ಕೇಳಿದರು: 'ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಉಂಟೆ?' ಚಿಕ್ಕಮ್ಮ, 'ಅದೆಲ್ಲ ಇಲ್ಲ ತಾಯಿ. ಆದರೆ ಇವಳು ಹುಟ್ಟಿದಾಗ ನನಗೆ ಸನ್ನಿಯಾಗಿತ್ತು. ನಮ್ಮ ದೊಡ್ಡಮ್ಮನಿಗೂ ಆಗಿತ್ತು. ಅವರು ನೀರು ಸೇದಲು ಹೋಗಿ ಬಾವಿಗೆ ಜಾರಿ ಬಿದ್ದರು ಅಂತ ಎಲ್ಲರಿಗೂ ಹೇಳಿದ್ದೇವೆ. ಜಾರಿ ಬಿದ್ದದ್ದಲ್ಲ' ಎಂದಳು. ಅಳಿಯ ಪಕ್ಕದಲ್ಲೇ ನಿಂತಿದ್ದನು. ನಾನೂ ಇದ್ದೆ. ಆ ಸಂಗತಿಯನ್ನು ನಾವಿಬ್ಬರೂ ಕೇಳಿದ್ದು ಅದೇ ಮೊದಲು.

ವೈದ್ಯೆ ಬರೆದುಕೊಂಡರು. ರಕ್ತ ಪರೀಕ್ಷೆ ಮಾಡಿಸಿ ಕಬ್ಬಿಣದ ಕೊರತೆಯನ್ನು ಹೆರಿಗೆಗೆ ಮೊದಲೇ ಸರಿಪಡಿಸಿದರು. ಮೊದಲ ಎರಡು ವಾರ ರಾತ್ರಿ ಮಗುವನ್ನು ಬೇರೆಯವರು ನೋಡಿಕೊಳ್ಳಬೇಕು, ಬಾಣಂತಿಯ ನಿದ್ದೆ ಕೆಡಬಾರದು, ಕೆಟ್ಟರೆ ಮರುದಿನವೇ ಬರಬೇಕು ಎಂದು ಹೇಳಿ ಕಳುಹಿಸಿದರು. ಹೆರಿಗೆಯಾದ ನಾಲ್ಕನೆಯ ರಾತ್ರಿ ನನ್ನ ಆ ತಂಗಿ ಮಲಗಲಿಲ್ಲ, ಮಾತು ಹೆಚ್ಚಾಯಿತು. ಚಿಕ್ಕಮ್ಮ ಬೆಳಗಾಗುವುದನ್ನು ಕಾದು ಕರೆದುಕೊಂಡು ಹೋದಳು. ಔಷಧಿ ಆರಂಭವಾಯಿತು. ತಿಂಗಳು ತುಂಬುವ ಹೊತ್ತಿಗೆ ತಂಗಿ ತನ್ನ ಕೂಸನ್ನು ತಾನೇ ಎರೆಯುತ್ತಿದ್ದಳು. ಇದನ್ನು ಬರೆಯಲು ಅವರಿಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ.

ಸೂಲಗಿತ್ತಿ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ಹೇಳುವ ಧೈರ್ಯ ನಮ್ಮ ಮನೆಗೆ ಬರಲು ಇಪ್ಪತ್ತೇಳು ವರ್ಷ ಹಿಡಿಯಿತು. ಈ ಲೇಖನವನ್ನು ಓದುವವರಲ್ಲಿ ಯಾರ ಮನೆಯಲ್ಲಾದರೂ ಅಂತಹ ಒಂದು ಮುಚ್ಚಿದ ಮಾತಿದ್ದರೆ, ಮನೆಯಲ್ಲಿ ಈಗ ಗರ್ಭಿಣಿಯೊಬ್ಬಳಿದ್ದರೆ, ದಯವಿಟ್ಟು ಆ ಮಾತನ್ನು ವೈದ್ಯರ ಮುಂದೆ ಹೇಳಿ. ಅದನ್ನು ಕೇಳಿದ ವೈದ್ಯರು ನಿಮ್ಮ ಮನೆತನವನ್ನು ಅಳೆಯುವುದಿಲ್ಲ; ಆ ಮಗಳ ಮೊದಲ ಹದಿನೈದು ರಾತ್ರಿಗಳನ್ನು ಕಾಯುತ್ತಾರೆ.